ಟ್ರಾಲಿಯ ಕೊಂಡಿ ನೋಡಿ ಕೊಳ್ಳಿ

ಎರಡು ಗಾಲಿ ಟ್ರಾಲಿ ಕೊಳ್ಳುವಾಗ ನಾವು ನೋಡೋದು ಟೈರು, ತಗಡು, ಬಣ್ಣ. ಕೊಂಡಿ ನೋಡೋರು ಕಡಿಮೆ. ನಾನೂ ನೋಡಿರಲಿಲ್ಲ. ಒಮ್ಮೆ ಕಡಲೆ ಚೀಲ ಹೇರಿಕೊಂಡು ದಢೇಸುಗೂರಿಂದ ಸಿಂಧನೂರಿಗೆ ಹೊರಟಾಗ, ಕಾಲುವೆ ಏರಿ ಹತ್ತುತ್ತಿದ್ದಂಗೆ ಟ್ರ್ಯಾಕ್ಟರಿನ ಮುಂದಿನ ಗಾಲಿ ನೆಲ ಬಿಟ್ಟವು. ಸ್ಟೇರಿಂಗ್ ತಿರುವಿದರೂ ಉಪಯೋಗವಿಲ್ಲ. ಮಗ ಕ್ಲಚ್ಚು, ಬ್ರೇಕು ಎರಡೂ ತುಳಿದ, ಬದುಕಿದೆವು.

ತಪ್ಪು ನಮ್ಮದೇ. ಚೀಲವೆಲ್ಲ ಮುಂದಕ್ಕೆ ಒಟ್ಟಿದ್ದೆವು. ಸಾಲದ್ದಕ್ಕೆ ಟ್ರಾಲಿಯನ್ನು ಮೇಲೆ ಟಾಪ್ ಲಿಂಕಿನ ಜಾಗಕ್ಕೆ ಸಿಗಿಸಿದ್ದೆವು. ಹಿಂದಿನ ಅಚ್ಚಿಗಿಂತ ಮೇಲಿಂದ ಎಳೆದರೆ ಟ್ರ್ಯಾಕ್ಟರು ಹಿಂದಕ್ಕೆ ಮಗುಚುತ್ತದೆ. ಕೊಂಡಿ ಯಾವಾಗಲೂ ಅಚ್ಚಿಗಿಂತ ಕೆಳಗಿರಬೇಕು.

ಬಂಡಿ ಹೂಡಿದವರಿಗೆ ಇದು ಹೊಸದಲ್ಲ. ಮುಂಭಾರ ಆದರೆ ಎತ್ತಿನ ಹೆಗಲು ಹುಣ್ಣು, ಹಿಂಭಾರ ಆದರೆ ನೊಗ ಎದ್ದು ಕೊರಳಿಗೆ ಉರುಲು. ಟ್ರಾಲಿಗೆ ಹಿಂಭಾರ ಆದರೆ ಟ್ರ್ಯಾಕ್ಟರಿನ ಹಿಂದಿನ ಗಾಲಿ ಹಗುರಾಗಿ ಎರಿ ಮಣ್ಣಲ್ಲಿ ಸುಮ್ಮನೆ ತಿರುಗುತ್ತವೆ. ರಸ್ತೆಯಲ್ಲಿ ಟ್ರಾಲಿ ಓಲಾಡುತ್ತದೆ. ಭಾರ ಅಚ್ಚಿನ ಮೇಲೆ, ತುಸು ಮುಂದಕ್ಕೆ ಇರಲಿ.

ಅಮೆರಿಕದಲ್ಲಿ ಕಾರಿನ ಹಿಂದೆ ಮನೆಗಾಡಿ ಕಟ್ಟುವವರು 100 ಕಿಲೋಗೆ 10ರಿಂದ 15 ಕಿಲೋ ಕೊಂಡಿಯ ಮೇಲೆ ಬರುವಂತೆ ಹೇರುತ್ತಾರೆ. ಆ ಭಾರದಲ್ಲಿ ಒಂದಿಷ್ಟನ್ನು ಕಾರಿನ ಮುಂದಿನ ಗಾಲಿಗೆ ಸಾಗಿಸಲು ಸ್ಪ್ರಿಂಗ್ ಪಟ್ಟಿಯ ಕೊಂಡಿ ಹಾಕುತ್ತಾರೆ. ನಮಗದು ಬೇಡ. ಟ್ರ್ಯಾಕ್ಟರಿನ ಮೂತಿಗೆ ಹಾಕುವ ಎರಕದ ತೂಕ ಮುಂದಿನ ಗಾಲಿಯನ್ನು ನೆಲಕ್ಕೆ ಹಿಡಿಯುತ್ತದೆ.

ನಾಲ್ಕು ಗಾಲಿ ಟ್ರಾಲಿಯ ಭಾರ ಅದರ ಗಾಲಿಗಳ ಮೇಲೇ ನಿಲ್ಲುತ್ತದೆ. ಆದರೆ ರಿವರ್ಸ್ ಹೊಡೆಯೋದು ಕಷ್ಟ. ಹೊಲದ ದಾರಿಗೆ ನನಗೆ ಎರಡು ಗಾಲಿಯದೇ ಸರಿ.

ಪಿನ್ನಿಗೆ ಲಾಕು ಇರಲಿ, ತಂತಿ ಸುತ್ತಿ ನಂಬಬೇಡಿ. ಕೊಂಡಿಯ ತೂತು ಸವೆದಿದ್ದರೆ ಬದಲಿಸಿರಿ. ಪಿನ್ನು ಹಾರಿದರೂ ಟ್ರಾಲಿ ಬಿಟ್ಟುಹೋಗದಂತೆ ಗಟ್ಟಿ ಸರಪಳಿಯೊಂದು ಇರಲಿ.