ಒಂದೇ ಸಲ ಬಂದ ಪದ

ಮಗೂ, ಕನ್ನಡದ ಪುಸ್ತಕಗಳನ್ನು ಕಂಪ್ಯೂಟರಿಗೆ ಹಾಕಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುತ್ತಿದ್ದೀಯಂತೆ. ಬಹಳ ಸಂತೋಷ. ನಿಘಂಟಿನ ಕೆಲಸದಲ್ಲಿ ತಲೆ ನರೆತವನು ನಾನು. ಒಂದೆರಡು ಮಾತು ಹೇಳುತ್ತೇನೆ, ಕೇಳು.

ಪಟ್ಟಿಯ ತಲೆಯಲ್ಲಿ ನಿನಗೆ ಸಿಗುವುದು ಈ, ಆ, ಒಂದು, ಮತ್ತು, ಎಂದು ಇಂಥವೇ. ಯಾವ ಭಾಷೆಯಲ್ಲಿ ಎಣಿಸಿದರೂ ಕಥೆ ಹೆಚ್ಚುಕಡಿಮೆ ಇದೇ. ಹಾರ್ವರ್ಡಿನ ಜಾರ್ಜ್ ಜಿಪ್ಫ್ ತಮ್ಮ 1949ರ ಪುಸ್ತಕದಲ್ಲಿ ಜೇಮ್ಸ್ ಜಾಯ್ಸ್ ಅವರ ‘ಯುಲಿಸಿಸ್’ ಕಾದಂಬರಿಯ ಲೆಕ್ಕ ಕೊಟ್ಟಿದ್ದಾರೆ. ಸುಮಾರು 2.6 ಲಕ್ಷ ಪದಗಳ ಆ ಕೃತಿಯಲ್ಲಿ 10ನೆಯ ಸ್ಥಾನದ ಪದ 2,653 ಸಲ ಬಂದಿದೆ, 100ನೆಯದು 265 ಸಲ, 1,000ನೆಯದು 26 ಸಲ, 10,000ನೆಯದು 2 ಸಲ. ನೋಡಿದವರು ಬೆರಗಾಗಬೇಕಾದದ್ದೇ. ಆದರೆ ಭಾಷೆಯ ಗುಟ್ಟೆಲ್ಲ ಇದರಲ್ಲೇ ಇದೆ ಎಂದು ನಂಬಿಬಿಡಬೇಡ. ಕೀಲಿಮಣೆಯನ್ನು ಸುಮ್ಮನೆ ಮನಸ್ಸಿಗೆ ಬಂದಂತೆ ಒತ್ತಿದರೂ ಇಂಥದೇ ಇಳಿಜಾರು ಮೂಡುತ್ತದೆಂದು ಜಾರ್ಜ್ ಮಿಲ್ಲರ್ 1957ರಲ್ಲೇ ತೋರಿಸಿದರು.

ನನ್ನ ಚಿಂತೆಯೆಲ್ಲ ಪಟ್ಟಿಯ ಬುಡದ್ದು. ‘ಯುಲಿಸಿಸ್’ನ ಬೇರೆ ಬೇರೆ ಪದಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಒಂದು ಸಲ ಬಂದಂಥವು. ಕನ್ನಡದಲ್ಲಿ ಈ ಬಾಲ ಇನ್ನೂ ಉದ್ದ. ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದಲೂ, ಮನೆಯವರಿಗಾದರೂ ಎಲ್ಲವೂ ಯಂತ್ರದ ಕಣ್ಣಿಗೆ ಬೇರೆ ಬೇರೆ ಪದಗಳೇ. ಮೊದಲು ಪ್ರತ್ಯಯ ಬಿಡಿಸು, ಸಂಧಿ ಬಿಡಿಸು, ಆಮೇಲೆ ಎಣಿಸು. ಅದು ಬೇಸರದ ಕೆಲಸ, ನಿಜ. ಬೇರೆ ದಾರಿಯಿಲ್ಲ.

ಅಷ್ಟಾದ ಮೇಲೂ ಬುಡದಲ್ಲಿ ರಾಶಿ ಪದಗಳು ಉಳಿಯುತ್ತವೆ. ಐದು ಸಲಕ್ಕಿಂತ ಕಡಿಮೆ ಬಂದದ್ದನ್ನೆಲ್ಲ ಕಸವೆಂದು ಅಳಿಸಿಬಿಡು ಎಂದು ಯಾರಾದರೂ ಹೇಳಿಯಾರು. ‘ಆರಿದ್ರಾ ಮಳೆ ಬಿದ್ದ ಮೇಲೆ ಅವನು ಆ ಹೊಲಕ್ಕೆ ಕೂರಿಗೆ ಹೂಡಿದ’ ಎಂಬ ವಾಕ್ಯ ತೆಗೆದುಕೋ. ‘ಅವನು’ ತೆಗೆದರೂ ನಷ್ಟವಿಲ್ಲ, ಹೂಡಿದವನು ಗಂಡಸೆಂದು ಕ್ರಿಯಾಪದವೇ ಹೇಳುತ್ತದೆ. ‘ಆ’ ಹೋದರೂ ನಡೆಯುತ್ತದೆ. ‘ಕೂರಿಗೆ’ ತೆಗೆದೆಯೋ, ಬಿತ್ತನೆಯೇ ವಾಕ್ಯದಿಂದ ಹೊರಟುಹೋಯಿತು. ಸಾವಿರ ಸಲ ಬರುವ ಪದಗಳನ್ನು ನೀನು ಕಾಪಾಡಬೇಕಿಲ್ಲ, ಅವು ದಿನವೂ ಎಲ್ಲರ ಬಾಯಲ್ಲಿ ಇರುತ್ತವೆ. ಕೂರಿಗೆ, ಕುಂಟೆ, ಮೇಣಿಗಳಿಗೆ ಆ ಭಾಗ್ಯವಿಲ್ಲ. ಟ್ರ್ಯಾಕ್ಟರ್ ಬಂದ ಊರಿನಲ್ಲಿ ಅವುಗಳ ಹೆಸರು ಹೇಳುವವರೂ ಕಡಿಮೆಯಾಗುತ್ತಿದ್ದಾರೆ.

ಒಂದೇ ಸಲ ಬಂದವುಗಳಲ್ಲಿ ಅಚ್ಚಿನ ತಪ್ಪುಗಳೂ ಸೇರಿಕೊಂಡಿರುತ್ತವೆ, ಒಪ್ಪುತ್ತೇನೆ. ಅದನ್ನು ತೀರ್ಮಾನಿಸಬೇಕಾದದ್ದು ನಿನ್ನ ಕಣ್ಣು. 1894ರ ಕಿಟೆಲ್ ನಿಘಂಟು ತೆರೆ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟ ನೋಡು. ಎರಡರಲ್ಲೂ ಸಿಗದಿದ್ದರೆ ಆ ಬರಹಗಾರರ ಸೀಮೆಯ ಹಿರಿಯರೊಬ್ಬರನ್ನು ಹುಡುಕಿ ಕೇಳು. ಅವರು ಹೇಳಿದ ಅರ್ಥವನ್ನು ಊರಿನ ಹೆಸರಿನೊಂದಿಗೆ ಬರೆದಿಡು. ಅಲ್ಲಿಯವರೆಗೆ ಒಂದು ಪದವನ್ನೂ ಅಳಿಸಬೇಡ.