ಹೊಟ್ಟೆ ತುಂಬುವ ಮಿತಾಹಾರ

ದೇಹದ ತೂಕವನ್ನು ಇಳಿಸಬೇಕೆಂದು ಸಂಕಲ್ಪಿಸುವವರಲ್ಲಿ ಬಹುಮಂದಿ ಮೊದಲು ಮಾಡುವ ಕೆಲಸವೆಂದರೆ ಒಂದು ಹೊತ್ತಿನ ಊಟವನ್ನು ಬಿಡುವುದು. ಮುಂಬಯಿಯ ಉಪನಗರವೊಂದರಿಂದ ಪ್ರತಿದಿನ ಲೋಕಲ್ ರೈಲಿನಲ್ಲಿ ಕಚೇರಿಗೆ ಹೋಗಿಬರುವ ಗುಮಾಸ್ತರೊಬ್ಬರನ್ನು ಉದಾಹರಣೆಗೆ ಭಾವಿಸಿಕೊಳ್ಳಬಹುದು. ಬೆಳಿಗ್ಗೆ ಅವರು ಬರಿಯ ಕಾಫಿ ಕುಡಿದು ಹೊರಡುತ್ತಾರೆ. ಮಧ್ಯಾಹ್ನ ಡಬ್ಬಿಯಲ್ಲಿ ಎರಡು ಚಪಾತಿ, ಸ್ವಲ್ಪ ಪಲ್ಯ. ಸಾಯಂಕಾಲ ಐದು ಗಂಟೆಯ ಹೊತ್ತಿಗೆ ಹಸಿವು ತಡೆಯಲಾರದೆ ನಿಲ್ದಾಣದ ಬಳಿ ಎರಡು ವಡಾಪಾವ್ ತಿಂದು ಸಕ್ಕರೆ ಹಾಕಿದ ಚಹಾ ಕುಡಿಯುತ್ತಾರೆ. ಒಂದು ವಡಾಪಾವಿನಲ್ಲಿ, ಅದರ ಗಾತ್ರ ಮತ್ತು ಹೀರಿದ ಎಣ್ಣೆಯನ್ನು ಅವಲಂಬಿಸಿ, ಸುಮಾರು 300 ಕ್ಯಾಲೊರಿಗಳಿರುತ್ತವೆ. ಬೆಳಗಿನಿಂದ ಉಪವಾಸವಿದ್ದು ಉಳಿಸಿದ್ದೆಲ್ಲವೂ ಹತ್ತು ನಿಮಿಷಗಳಲ್ಲಿ ವೆಚ್ಚವಾಗಿಹೋಗುತ್ತದೆ. ಮೂರು ವಾರಗಳ ನಂತರ ತೂಕದ ಯಂತ್ರದ ಮುಳ್ಳು ಕದಲದಿರುವುದನ್ನು ಕಂಡು, ತಮಗೆ ಮನೋಬಲ ಸಾಲದೆಂದು ಅವರು ಪಥ್ಯವನ್ನೇ ಕೈಬಿಡುತ್ತಾರೆ. ವಾಸ್ತವವಾಗಿ ಇಲ್ಲಿ ಕೊರತೆಯಿರುವುದು ಮನೋಬಲದಲ್ಲಲ್ಲ, ಆಹಾರದ ಆಯ್ಕೆಯಲ್ಲಿ.

ಈ ವಿಷಯ ಕೆಲವರ ಸೌಂದರ್ಯದ ಹಂಬಲಕ್ಕೆ ಮಾತ್ರ ಸಂಬಂಧಿಸಿದುದಲ್ಲ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷ ವಯಸ್ಸಿನ ಭಾರತೀಯರಲ್ಲಿ ಶೇಕಡಾ 24ರಷ್ಟು ಮಹಿಳೆಯರು ಮತ್ತು ಸುಮಾರು 23ರಷ್ಟು ಪುರುಷರು ಅಧಿಕ ತೂಕದವರು ಅಥವಾ ಸ್ಥೂಲಕಾಯರು. ಆ ಸಮೀಕ್ಷೆ ಅನುಸರಿಸಿದ್ದು ದೇಹತೂಕ ಸೂಚ್ಯಂಕ 25 ಎಂಬ ಅಂತರರಾಷ್ಟ್ರೀಯ ಮಿತಿಯನ್ನು. ಭಾರತೀಯರಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಶೇಖರವಾಗುವ ಪ್ರವೃತ್ತಿ ಹೆಚ್ಚಾದುದರಿಂದ, ನಮ್ಮ ವೈದ್ಯರು 23ರಿಂದಲೇ ಅಧಿಕ ತೂಕವೆಂದೂ 25ರಿಂದ ಬೊಜ್ಜೆಂದೂ ಪರಿಗಣಿಸುತ್ತಾರೆ. 160 ಸೆಂಟಿಮೀಟರ್ ಎತ್ತರದವರಿಗೆ ಇದು ಸುಮಾರು 59 ಮತ್ತು 64 ಕಿಲೋಗ್ರಾಂಗಳಿಗೆ ಸಮ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರುಗಳನ್ನು ಮೀರಿದಲ್ಲಿ ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳ ಸಂಭವ ಹೆಚ್ಚುತ್ತದೆ.

ಹಸಿವು ತಣಿಯುವ ಬಗೆ

ತೂಕ ಇಳಿಯಬೇಕಾದರೆ ದೇಹ ವ್ಯಯಿಸುವುದಕ್ಕಿಂತ ಕಡಿಮೆ ಕ್ಯಾಲೊರಿಗಳನ್ನು ಸೇವಿಸಬೇಕೆಂಬುದು ನಿರ್ವಿವಾದ. ಆದರೆ ಹೊಟ್ಟೆಗೆ ಕ್ಯಾಲೊರಿಗಳನ್ನು ಎಣಿಸುವ ಶಕ್ತಿಯಿಲ್ಲ. ಜಠರ ಎಷ್ಟು ಹಿಗ್ಗಿತು, ಆಹಾರ ಎಷ್ಟು ಹೊತ್ತು ಅಲ್ಲಿ ನಿಂತಿತು, ಅದರಲ್ಲಿ ಸಸಾರಜನಕ, ಅಂದರೆ ಪ್ರೋಟೀನು, ಎಷ್ಟಿತ್ತು, ಎಷ್ಟು ಅಗಿದು ನಿಧಾನವಾಗಿ ಉಂಡದ್ದಾಯಿತು ಎಂಬವುಗಳಿಂದ ತೃಪ್ತಿಯ ಭಾವನೆ ಉಂಟಾಗುತ್ತದೆ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಲ್ಲಿ 4 ಕ್ಯಾಲೊರಿಗಳು, ಒಂದು ಗ್ರಾಂ ಕೊಬ್ಬಿನಲ್ಲಿ 9. ನೀರಿನಲ್ಲಿ ಏನೂ ಇಲ್ಲ, ನಾರಿನಲ್ಲಿ ಅತ್ಯಲ್ಪ. ಆದುದರಿಂದ ನೀರು ಮತ್ತು ನಾರು ಹೆಚ್ಚಾಗಿರುವ, ಸಾಕಷ್ಟು ಪ್ರೋಟೀನುಳ್ಳ, ಎಣ್ಣೆ ಕಡಿಮೆಯಿರುವ ಆಹಾರ ತಟ್ಟೆಯನ್ನೂ ಹೊಟ್ಟೆಯನ್ನೂ ತುಂಬಿಸಿ, ಕ್ಯಾಲೊರಿಗಳನ್ನು ಮಾತ್ರ ಮಿತವಾಗಿ ಒದಗಿಸುತ್ತದೆ.

ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾನಿಲಯದ ಸಂಶೋಧಕರು 1995ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 38 ಬಗೆಯ ಆಹಾರಗಳನ್ನು ತಲಾ 240 ಕ್ಯಾಲೊರಿಯಷ್ಟು ತಿನ್ನಿಸಿ, ನಂತರದ ಎರಡು ಗಂಟೆಗಳಲ್ಲಿ ಹೊಟ್ಟೆ ಎಷ್ಟು ತುಂಬಿದಂತಿದೆಯೆಂದು ವಿಚಾರಿಸಲಾಯಿತು. ಪ್ರಯೋಗ ಸಣ್ಣದು. ಆದರೂ ಅದರ ಫಲಿತಾಂಶ ಸ್ವಾರಸ್ಯಕರವಾಗಿದೆ. ಬಿಳಿ ಬ್ರೆಡ್ಡಿಗೆ 100 ಅಂಕಗಳೆಂದು ಇಟ್ಟುಕೊಂಡಾಗ ಎಲ್ಲಕ್ಕಿಂತ ಹೆಚ್ಚು ಅಂಕ ಪಡೆದದ್ದು, ಪಥ್ಯದವರೆಲ್ಲ ದೂರವಿಡುವ, ಬೇಯಿಸಿದ ಆಲೂಗಡ್ಡೆ: 323. ಅದೇ ಆಲೂಗಡ್ಡೆಯನ್ನು ಎಣ್ಣೆಯಲ್ಲಿ ಕರಿದಾಗ ದೊರೆತದ್ದು 116 ಮಾತ್ರ. ಮೇಲೆ ಹೇಳಿದ ಗುಮಾಸ್ತರ ವಡಾಪಾವಿನೊಳಗಿರುವುದೂ ಬೇಯಿಸಿದ ಆಲೂಗಡ್ಡೆಯೇ. ಅದರ ಹೊರಗಿನ ಕಡಲೆಹಿಟ್ಟು ಹೀರಿದ ಎಣ್ಣೆ ಮತ್ತು ಮೈದಾದ ಪಾವ್ ಅದರ ಗುಣವನ್ನು ಕೆಡಿಸುತ್ತವೆ. ಮಧುಮೇಹಿಗಳು ಆಲೂಗಡ್ಡೆಯ ಪ್ರಮಾಣದ ಬಗ್ಗೆ ಎಚ್ಚರದಿಂದಿರಬೇಕಾದುದು ಬೇರೆ ಮಾತು.

ಸಾರಿನ ಮಹತ್ವ

ಇನ್ನೊಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊಟಕ್ಕೆ ಮೊದಲು ಮಹಿಳೆಯರಿಗೆ ಕೋಳಿಮಾಂಸ, ಅಕ್ಕಿ, ತರಕಾರಿಗಳ ಖಾದ್ಯವೊಂದನ್ನು ಒಂದು ದಿನ ಹಾಗೆಯೇ, ಇನ್ನೊಂದು ದಿನ ಲೋಟದ ನೀರಿನೊಡನೆ, ಮತ್ತೊಂದು ದಿನ ಅಷ್ಟೇ ನೀರನ್ನು ಅದರಲ್ಲೇ ಬೆರೆಸಿ ಸೂಪಿನ ರೂಪದಲ್ಲಿ ನೀಡಲಾಯಿತು. ಸೂಪು ಕುಡಿದ ದಿನ ಮಾತ್ರ ಅವರು ಮುಂದಿನ ಊಟವನ್ನು ಕಡಿಮೆ ಮಾಡಿದರು. ಪಕ್ಕದಲ್ಲಿಟ್ಟು ಕುಡಿದ ನೀರಿನಿಂದ ಹಾಗಾಗಲಿಲ್ಲ. ಆಹಾರದೊಳಗೆ ಬೆರೆತ ನೀರು ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆಂಬುದು ಇದರ ತಾತ್ಪರ್ಯ.

ಕನ್ನಡಿಗರ ಅಡುಗೆಮನೆಗೆ ಇದು ಹೊಸತೇನೂ ಅಲ್ಲ. ಹಳೆಯ ಮೈಸೂರು ಸೀಮೆಯ ಬಸ್ಸಾರನ್ನೇ ನೋಡಬಹುದು. ಕಾಳು ಮತ್ತು ಸೊಪ್ಪನ್ನು ಒಟ್ಟಿಗೆ ಬೇಯಿಸಿ, ಕಟ್ಟನ್ನು ಬಸಿದು, ಅದಕ್ಕೆ ಹುಣಿಸೆಹುಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆಗಳನ್ನು ಅರೆದು ಹಾಕಿ ಸಾರು ಮಾಡುತ್ತಾರೆ. ಬಸಿದುಳಿದ ಕಾಳು–ಸೊಪ್ಪು ಪಲ್ಯವಾಗುತ್ತದೆ. ಒಂದೇ ಪಾತ್ರೆಯಿಂದ ಎರಡು ವ್ಯಂಜನಗಳು, ಎರಡರಲ್ಲಿಯೂ ಎಣ್ಣೆ ಒಗ್ಗರಣೆಯಷ್ಟೇ. ಆದರೆ ಅನೇಕರು ಸಾರನ್ನಷ್ಟೇ ಅನ್ನಕ್ಕೆ ಸುರಿದುಕೊಂಡು ಪಲ್ಯವನ್ನು ಬದಿಗೆ ಸರಿಸುತ್ತಾರೆ. ಪ್ರೋಟೀನು ಮತ್ತು ನಾರಿನ ಬಹುಭಾಗ ಉಳಿಯುವುದು ಆ ಕಾಳಿನಲ್ಲಿಯೇ. ಹುರುಳಿ ಕಟ್ಟಿನ ಸಾರಿಗೂ ಇದೇ ಮಾತು ಅನ್ವಯಿಸುತ್ತದೆ: 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನಿದೆ, ಅದನ್ನು ಪಡೆಯಲು ಕಾಳನ್ನು ತಿನ್ನಬೇಕು. ಮಲೆನಾಡಿನ ಒಂದೆಲಗ ಅಥವಾ ದೊಡ್ಡಪತ್ರೆಯ ತಂಬುಳಿ, ಕೊಬ್ಬರಿ ಹೆಚ್ಚು ಹಾಕದಿದ್ದಲ್ಲಿ, ಅತಿ ಹಗುರವಾದ ಮತ್ತು ರುಚಿಕರವಾದ ಪದಾರ್ಥ.

ರಾಗಿಯ ಬಗ್ಗೆ ಇರುವ ಒಂದು ತಪ್ಪುಕಲ್ಪನೆಯನ್ನು ಇಲ್ಲಿ ತಿದ್ದುವುದು ಅಗತ್ಯ. 2023ನೆಯ ವರ್ಷವನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ, ರಾಗಿ ತಿಂದರೆ ತೂಕ ತಾನಾಗಿ ಇಳಿಯುವುದೆಂಬ ನಂಬಿಕೆ ಹಬ್ಬಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿಗಳಿದ್ದರೆ ಅಷ್ಟೇ ಅಕ್ಕಿಯಲ್ಲಿ ಸುಮಾರು 355. ಈ ಅಂತರ ದೊಡ್ಡದಲ್ಲ. ರಾಗಿಯ ಹೆಚ್ಚುಗಾರಿಕೆಯಿರುವುದು ಅದರ ನಾರಿನಲ್ಲಿ (ರಾಗಿಯಲ್ಲಿ ಸುಮಾರು 11 ಗ್ರಾಂ, ಬಿಳಿ ಅಕ್ಕಿಯಲ್ಲಿ 3 ಗ್ರಾಂ) ಮತ್ತು ಸುಣ್ಣದ ಅಂಶದಲ್ಲಿ. ಮುದ್ದೆಯಲ್ಲಿ ಹಿಟ್ಟಿನ ತೂಕಕ್ಕಿಂತ ಹೆಚ್ಚು ನೀರು ಸೇರುತ್ತದೆ, ಎಣ್ಣೆಯ ಹನಿಯೂ ಬೇಕಾಗುವುದಿಲ್ಲ. ಆದುದರಿಂದ ಒಂದು ಮುದ್ದೆ, ಎರಡು ಬಟ್ಟಲು ಬಸ್ಸಾರು, ಧಾರಾಳವಾಗಿ ಪಲ್ಯ ಇವು ಮಧ್ಯಾಹ್ನದಿಂದ ಸಂಜೆಯವರೆಗೆ ಹೊಟ್ಟೆಯನ್ನು ಕಾಯುತ್ತವೆ. ಅದೇ ರಾಗಿಯನ್ನು ಬೆಲ್ಲ, ತುಪ್ಪ ಹಾಕಿ ಉಂಡೆ ಕಟ್ಟಿದರೆ ಅಥವಾ ಬಿಸ್ಕತ್ತು ಮಾಡಿದರೆ ಅದು ಸಿಹಿತಿಂಡಿಯೇ ಹೊರತು ಪಥ್ಯವಲ್ಲ. ರಾಗಿಯಲ್ಲಿ ಪ್ರೋಟೀನು ಹೆಚ್ಚಿಲ್ಲದ ಕಾರಣ ಕಾಳಿನ ಜೊತೆ ಅನಿವಾರ್ಯ.

ಉತ್ತರ ಕರ್ನಾಟಕದ ಜೋಳದ ರೊಟ್ಟಿಯೂ ಎಣ್ಣೆಯಿಲ್ಲದೆ ಕಾವಲಿಯ ಮೇಲೆ ಬೇಯುವಂಥದು. ಅದರೊಡನೆ ಪುಂಡಿಪಲ್ಯ, ಹಸಿ ಮೂಲಂಗಿ, ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ ತಪ್ಪಲುಗಳನ್ನು ತಟ್ಟೆಯ ತುಂಬ ಇಟ್ಟುಕೊಂಡು ಅಗಿದು ತಿನ್ನುವ ಪದ್ಧತಿ ಅತ್ಯಂತ ಶ್ಲಾಘನೀಯ. ಶೇಂಗಾ ಚಟ್ನಿಪುಡಿ ಒಂದು ಚಮಚೆ ಸಾಕು. ಎಣ್ಣೆಗಾಯಿಗೆ ಆ ಹೆಸರು ಸುಮ್ಮನೆ ಬಂದಿಲ್ಲ.

ಸಂಜೆಯ ಐದು ಗಂಟೆ

ಪಥ್ಯಗಳು ಸಾಮಾನ್ಯವಾಗಿ ಮುರಿದುಬೀಳುವ ವೇಳೆ ಇದು. ಈ ಹೊತ್ತಿಗೆ ಕೈಗೆಟಕುವಂತೆ ಏನಾದರೊಂದನ್ನು ಸಿದ್ಧವಾಗಿಟ್ಟುಕೊಳ್ಳದೆ ಹಸಿವನ್ನು ಎದುರಿಸುವುದು ಕಷ್ಟ. 50 ಗ್ರಾಂ ಹೆಸರುಕಾಳನ್ನು ಹಿಂದಿನ ರಾತ್ರಿ ನೆನೆಹಾಕಿ, ಬೇಯಿಸಿ, ಒಂದು ಟೀ ಚಮಚೆ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿಗಳ ಒಗ್ಗರಣೆ ಕೊಟ್ಟು, ಎರಡು ಚಮಚೆ ತೆಂಗಿನ ತುರಿ ಮತ್ತು ನಿಂಬೆರಸ ಬೆರೆಸಿದ ಉಸಲಿಯಲ್ಲಿ ಸುಮಾರು 250 ಕ್ಯಾಲೊರಿಗಳೂ 11 ಗ್ರಾಂ ಪ್ರೋಟೀನೂ ಇರುತ್ತವೆ. ಅಂದರೆ ಒಂದು ವಡಾಪಾವಿಗಿಂತ ಕಡಿಮೆ, ಡಬ್ಬಿಯಾದರೋ ತುಂಬಿರುತ್ತದೆ. ಕಡಲೆಕಾಳು, ಅಲಸಂದೆಗಳಿಂದಲೂ ಹೀಗೆಯೇ ಮಾಡಬಹುದು. ಸೌತೆಕಾಯಿ ಹೆಚ್ಚು, ಹೆಸರುಬೇಳೆ ಸಾಕಷ್ಟು ಇರುವ ಕೋಸಂಬರಿಗೆ ಒಲೆ ಹಚ್ಚುವ ಅಗತ್ಯವೂ ಇಲ್ಲ. ಮಂಡಕ್ಕಿಯೊಂದನ್ನೇ ತಿಂದರೆ ಬೇಗ ಹಸಿವಾಗುತ್ತದೆ. ಅದಕ್ಕೆ ಹುರಿಗಡಲೆ, ಈರುಳ್ಳಿ, ಟೊಮೆಟೊ, ಸೌತೆಕಾಯಿ, ಕೊತ್ತಂಬರಿ ಸೊಪ್ಪು, ನಿಂಬೆಹುಳಿ ಸೇರಿಸಿ, ಎಣ್ಣೆ ಮತ್ತು ಸೇವನ್ನು ಬಿಟ್ಟರೆ ಉತ್ತಮ ಚುರುಮುರಿಯಾಗುತ್ತದೆ. ಮಾಂಸಾಹಾರಿಗಳಿಗೆ ಬೇಯಿಸಿದ ಮೊಟ್ಟೆಯಷ್ಟು ಸುಲಭವಾದುದು ಬೇರಿಲ್ಲ: ಒಂದರಲ್ಲಿ 70ರಿಂದ 80 ಕ್ಯಾಲೊರಿ, ಸುಮಾರು 6 ಗ್ರಾಂ ಪ್ರೋಟೀನು. ಬೆಣ್ಣೆ ತೆಗೆದ ನೀರುಮಜ್ಜಿಗೆಗೆ ಶುಂಠಿ, ಇಂಗು ಹಾಕಿ ಒಂದೆರಡು ಲೋಟ ಕುಡಿಯಬಹುದು.

ಪೊಟ್ಟಣಗಳಲ್ಲಿ ಬರುವ ಸಿದ್ಧ ತಿನಿಸುಗಳ ಮೇಲೆ ‘ಡಯಟ್’ ಎಂದೋ ‘ಬಹುಧಾನ್ಯ’ ಎಂದೋ ಮುದ್ರಿಸಿರುವುದನ್ನು ನಂಬಿ ಮೋಸಹೋಗಬಾರದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ 20 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಷ್ಟ ಬಂದಷ್ಟು ತಿನ್ನಲು ಬಿಟ್ಟಾಗ, ಅತಿಯಾಗಿ ಸಂಸ್ಕರಿಸಿದ ಆಹಾರದ ಎರಡು ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಒಂದು ಕಿಲೋದಷ್ಟು ತೂಕವನ್ನೂ ಗಳಿಸಿಕೊಂಡರು. ಹಣ್ಣಿನ ರಸಕ್ಕಿಂತ ಹಣ್ಣು ಲೇಸು. ಕಡಲೆಕಾಯಿ ಬೀಜ, ಬಾದಾಮಿಗಳು ಆರೋಗ್ಯಕರವಾದರೂ 30 ಗ್ರಾಮಿನ ಒಂದು ಹಿಡಿಗೆ 160ರಿಂದ 170 ಕ್ಯಾಲೊರಿಗಳಾಗುತ್ತವೆಂಬುದನ್ನು ಮರೆಯಬಾರದು.

ಮನೆಯ ಅಡುಗೆಯಲ್ಲಿ ಕಣ್ಣಿಗೆ ಕಾಣದ ವೆಚ್ಚವೆಂದರೆ ಎಣ್ಣೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಆಹಾರ ಮಾರ್ಗಸೂಚಿಯಲ್ಲಿ, 2,000 ಕ್ಯಾಲೊರಿಗಳ ದಿನದ ತಟ್ಟೆಗೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ–ಮಾಂಸ, 400 ಗ್ರಾಂ ಸೊಪ್ಪು–ತರಕಾರಿ, 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು–ಮೊಸರು, 35 ಗ್ರಾಂ ಎಣ್ಣೆಬೀಜಗಳು ಮತ್ತು 27 ಗ್ರಾಂ ಎಣ್ಣೆ–ಕೊಬ್ಬನ್ನು ಸೂಚಿಸಿದೆ. ಈ ಲೆಕ್ಕದಲ್ಲಿ ನಾಲ್ವರ ಕುಟುಂಬಕ್ಕೆ ತಿಂಗಳಿಗೆ ಸುಮಾರು ಮೂರೂವರೆ ಲೀಟರು ಎಣ್ಣೆ. ಮನೆಗೆ ಎಷ್ಟು ಡಬ್ಬಿ ಬರುತ್ತಿದೆಯೆಂದು ಗೃಹಿಣಿಯೂ ಗೃಹಸ್ಥನೂ ಒಟ್ಟಿಗೆ ಕುಳಿತು ಒಮ್ಮೆ ಲೆಕ್ಕ ಹಾಕುವುದು ಒಳಿತು. ತೂಕ ಇಳಿಸುವವರು ಧಾನ್ಯ ಮತ್ತು ಎಣ್ಣೆಯನ್ನು ಇದಕ್ಕಿಂತ ತಗ್ಗಿಸಬೇಕೇ ವಿನಾ ತರಕಾರಿಯನ್ನಲ್ಲ, ಕಾಳನ್ನಲ್ಲ. ವಾರಕ್ಕೆ ಅರ್ಧ ಕಿಲೋದಷ್ಟು ಇಳಿದರೆ ಸಾಕು.

ಊರು ಬಿಟ್ಟವರ ಅಂಗಡಿ

ಹೊರನಾಡಿನಲ್ಲಿ ಈ ಪದಾರ್ಥಗಳು ಸಿಗುವುದಿಲ್ಲವೆಂಬ ದೂರು ಬಹುಮಟ್ಟಿಗೆ ಹೆಸರಿನ ತೊಡಕಿನಿಂದ ಬಂದದ್ದು. ಮುಂಬಯಿ, ಪುಣೆಗಳಲ್ಲಿ ರಾಗಿಯನ್ನು ನಾಚಣಿ ಎಂದೂ ಹುರುಳಿಯನ್ನು ಕುಳೀಥ ಅಥವಾ ಹುಲಗೆ ಎಂದೂ ಕೇಳಬೇಕು. ಚೆನ್ನೈಯಲ್ಲಿ ಅವು ಕೇಳ್ವರಗು ಮತ್ತು ಕೊಳ್ಳು. ಹೈದರಾಬಾದಿನಲ್ಲಿ ರಾಗುಲು ಮತ್ತು ಉಲವಲು. ದೆಹಲಿಯಲ್ಲಿ ರಾಗಿಯನ್ನು ಮಂಡುವಾ ಎನ್ನುತ್ತಾರೆ. ಹುರುಳಿ ಅಲ್ಲಿ ಕುಲಥಿ, ಗಢವಾಲಿನವರ ಬಾಯಲ್ಲಿ ಗಹತ್. ಹರಿವೆ ಸೊಪ್ಪು ಮರಾಠಿಯ ಮಾಠ, ತೆಲುಗಿನ ತೋಟಕೂರ, ಹಿಂದಿಯ ಚೌಲಾಯಿ. ದೆಹಲಿಯ ಚಳಿಗಾಲದಲ್ಲಿ ಮೆಂತ್ಯ, ಪಾಲಕ್, ಮೂಲಂಗಿಗಳು ಹೇರಳ. ಬಸ್ಸಾರಿಗೆ ಇವೂ ಆಗುತ್ತವೆ.

ಪಥ್ಯದವರಿಗೆಂದು ಬೇರೆ ಅಡುಗೆ ಮಾಡುವ ಮನೆಗಳಲ್ಲಿ ಅದು ಹೆಚ್ಚು ದಿನ ನಡೆಯುವುದಿಲ್ಲ. ಮಾಡುವವರಿಗೂ ಬೇಸರ, ಉಣ್ಣುವವರಿಗೂ ಬೇಸರ. ಮೇಲೆ ಹೇಳಿದವೆಲ್ಲ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣಬಹುದಾದ ಪದಾರ್ಥಗಳು. ಬೆಳೆಯುವ ಮಕ್ಕಳಿಗೆ ಮಾತ್ರ ತುಪ್ಪ, ಹಾಲು, ಕಡಲೆಕಾಯಿ ಬೀಜಗಳನ್ನು ಪ್ರತ್ಯೇಕವಾಗಿ ಕೊಡಬೇಕು.

ಕೆಲವರು ವೈದ್ಯರ ಸಲಹೆಯಿಲ್ಲದೆ ಆಹಾರವನ್ನು ಬದಲಿಸಬಾರದು. ಇನ್ಸುಲಿನ್ ಅಥವಾ ಸಕ್ಕರೆಯನ್ನು ತಗ್ಗಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಊಟವನ್ನು ಹಠಾತ್ತನೆ ಕಡಿಮೆ ಮಾಡಿದಲ್ಲಿ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಮೂತ್ರಪಿಂಡದ ಕಾಯಿಲೆಯಿರುವವರಿಗೆ ಕಾಳು ಮತ್ತು ಸೊಪ್ಪಿನ ಪ್ರಮಾಣವನ್ನು ವೈದ್ಯರೇ ನಿಗದಿಪಡಿಸಬೇಕು. ವಾರ್ಫರಿನ್ ಸೇವಿಸುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಗೇ ಏರಿಸಬಾರದು. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ತಾವಾಗಿಯೇ ತೂಕ ಇಳಿಸಲು ಹೊರಡುವುದು ಸರಿಯಲ್ಲ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಗಳಿಂದ ರುಚಿ ಹೆಚ್ಚಿಸಿಕೊಳ್ಳುವವರು ದಿನಕ್ಕೆ ಒಟ್ಟು 5 ಗ್ರಾಂ ಉಪ್ಪಿನ ಮಿತಿಯನ್ನು ಗಮನದಲ್ಲಿಡಬೇಕು. ಕಾಳು ತಿಂದು ರೂಢಿಯಿಲ್ಲದವರು ಮೊದಲ ವಾರ ಅರ್ಧ ಬಟ್ಟಲಿನಿಂದ ಪ್ರಾರಂಭಿಸಿ, ಎಂಟು ಗಂಟೆಗಳ ಕಾಲ ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಬೇಯಿಸಿಕೊಂಡರೆ ಹೊಟ್ಟೆಯುಬ್ಬರ ಕಡಿಮೆಯಾಗುತ್ತದೆ. ಒಗ್ಗರಣೆಗೆ ಚಿಟಿಕೆ ಇಂಗು ಹಾಕುವ ರೂಢಿ ಮನೆಗಳಲ್ಲಿ ಹೇಗೂ ಇದ್ದೇ ಇದೆ.