ವಿದ್ಯಾರ್ಥಿಗೆ ಶಿಕ್ಷಾವ್ರತ: ಏಕಾಗ್ರತೆಯ ಪಾಠ

ಪುಸ್ತಕ ತೆರೆದಿದೆ, ಕಣ್ಣು ಅಕ್ಷರಗಳ ಮೇಲಿದೆ, ಮನಸ್ಸು ಮಾತ್ರ ಬೇರೆಲ್ಲಿಯೋ ಇದೆ. ಓದುವ ಮಕ್ಕಳಿರುವ ಮನೆಗಳಲ್ಲಿ ನಿತ್ಯವೂ ಕೇಳಿಬರುವ ದೂರು ಇದು. ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸಿದಂತೆ ದೂರು ಗದರಿಕೆಯಾಗುತ್ತದೆ, ಗದರಿಕೆ ಕಣ್ಣೀರಾಗುತ್ತದೆ. ಕೆಲವು ಮನೆಗಳಲ್ಲಿ ತಾಯಿ ಮಗನ ಅಂಕಗಳಿಗಾಗಿ ಉಪವಾಸ ಹಿಡಿಯುತ್ತಾಳೆ. ಕೆಲವು ಮನೆಗಳಲ್ಲಿ ಮಗನಿಗೇ ಉಪವಾಸ ಹೇಳುವುದುಂಟು. ಭಕ್ತಿಯಿಂದಲೇ ಮಾಡಿದರೂ ಇದು ಶಾಸ್ತ್ರಸಮ್ಮತವಾದ ದಾರಿಯಲ್ಲ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನೇ ವ್ರತಿ ಎಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹೇಳಿದ್ದಾರೆ. ನಿದಾನವೆಂದರೆ ಮುಂದಿನ ಫಲದ ಆಸೆ. ಅಂಕಗಳ ಬೆಲೆಗೆ ಮಾರಿದ ಉಪವಾಸದಲ್ಲಿ ಆ ಮುಳ್ಳು ಉಳಿದೇ ಇರುತ್ತದೆ.

ಹಾಗಾದರೆ ವಿದ್ಯಾರ್ಥಿಗೆ ವ್ರತದಿಂದ ಪ್ರಯೋಜನವಿಲ್ಲವೆ? ಖಂಡಿತ ಇದೆ. ಶ್ರಾವಕನ ಹನ್ನೆರಡು ವ್ರತಗಳಲ್ಲಿ ನಾಲ್ಕಕ್ಕೆ ಶಿಕ್ಷಾವ್ರತಗಳೆಂದೇ ಹೆಸರು. ಅವು ಫಲವನ್ನು ಬೇಡುವ ಹರಕೆಗಳಲ್ಲ; ಮನಸ್ಸನ್ನು ಪಳಗಿಸುವ ಅಭ್ಯಾಸಗಳು. ಓದುವ ಮಗುವಿಗೆ ಬೇಕಾದುದೂ ಇದೇ ಅಭ್ಯಾಸ.

ಮನಸ್ಸು ನಿಲ್ಲುವುದೇ ಇಲ್ಲವೆ?

ಧ್ಯಾನವೆಂದರೆ ಚಿಂತೆಯನ್ನು ಒಂದೇ ವಿಷಯದಲ್ಲಿ ತಡೆದು ನಿಲ್ಲಿಸುವುದು ಎಂದು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಲಕ್ಷಣ ಹೇಳುತ್ತದೆ. ಆ ಧ್ಯಾನ ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕು ಬಗೆ. ಮೊದಲಿನ ಎರಡು ಹೇಯವಾದರೂ ಅವೂ ಧ್ಯಾನಗಳೇ ಎಂಬುದನ್ನು ಇಲ್ಲಿ ಗಮನಿಸಬೇಕು. ಗಣಿತದ ಒಂದು ಪುಟವನ್ನು ಓದಲಾರದ ಬಾಲಕನು ಮೂರು ಗಂಟೆಗಳ ಕ್ರಿಕೆಟ್ ಪಂದ್ಯವನ್ನು ಕದಲದೆ ನೋಡುತ್ತಾನೆ. ಗೆಳೆಯನು ಆಡಿದ ಒಂದು ಕಟುಮಾತನ್ನು ಇಡೀ ದಿನ ನೆನೆಯುತ್ತಾನೆ. ಆದ್ದರಿಂದ ಅವನಿಗೆ ಏಕಾಗ್ರತೆಯ ಶಕ್ತಿಯೇ ಇಲ್ಲವೆನ್ನುವುದು ತಪ್ಪು. ಶಕ್ತಿ ಇದೆ, ಅದು ತಾನಾಗಿ ಹರಿದತ್ತ ಹೋಗುತ್ತಿದೆ. ಅದನ್ನು ತಿರುಗಿಸುವುದೇ ಶಿಕ್ಷಣ.

ಕಾಲದ ಮರ್ಯಾದೆ

ಅದೇ ಸೂತ್ರವು ಇನ್ನೊಂದು ಮಾತನ್ನೂ ಸೇರಿಸುತ್ತದೆ. ಉತ್ತಮ ಸಂಹನನವುಳ್ಳವರಿಗೂ ಧ್ಯಾನವು ಅಂತರ್ಮುಹೂರ್ತದವರೆಗೆ ಮಾತ್ರ. ಮುಹೂರ್ತವೆಂದರೆ ಎರಡು ಘಳಿಗೆ, ಅಂದರೆ 48 ನಿಮಿಷ; ಅಂತರ್ಮುಹೂರ್ತವು ಅದಕ್ಕಿಂತ ಕಡಿಮೆ. ವಜ್ರದಂತಹ ದೇಹಬಲವುಳ್ಳ ಮಹಾತ್ಮರಿಗೇ ಇಷ್ಟು ಎಲ್ಲೆ ಇರುವಾಗ, ಹದಿನಾಲ್ಕು ವರ್ಷದ ಬಾಲಕನನ್ನು ನಾಲ್ಕು ಗಂಟೆ ಅಲುಗದೆ ಕೂರಿಸುವ ಹಿರಿಯರು ಶಾಸ್ತ್ರ ಕೇಳದ್ದನ್ನು ಕೇಳುತ್ತಿದ್ದಾರೆ. ಸಾಮಾಯಿಕದ ಜಘನ್ಯ ಕಾಲವೂ ಎರಡು ಘಳಿಗೆಯೇ. ಶಾಲೆಯ ಒಂದು ಅವಧಿಯೂ ಸುಮಾರು ಅಷ್ಟೇ. ಆದುದರಿಂದ ಮನೆಯ ಓದಿಗೂ ಒಂದು ಮುಹೂರ್ತದೊಳಗಿನ ಅವಧಿ, ಅನಂತರ ಸ್ವಲ್ಪ ವಿರಾಮ, ಮತ್ತೆ ಒಂದು ಅವಧಿ ಎಂಬ ಕ್ರಮ ಯುಕ್ತವಾದುದು. ಆರಂಭಿಕನಿಗೆ ಒಂದು ಘಳಿಗೆ, ಎಂದರೆ 24 ನಿಮಿಷ, ಸಾಕು.

ಮೊಳಕಾಲ್ಮೂರಿನ ಕೈಮಗ್ಗದ ಮುಂದೆ ಒಂದು ಗಳಿಗೆ ನಿಂತವರಿಗೆ ಇದು ಬೇಗ ಅರ್ಥವಾಗುತ್ತದೆ. ರೇಷ್ಮೆಯಲ್ಲಿರುವ ಜೀವಹಿಂಸೆಯನ್ನು ನೆನೆದು ಅದನ್ನು ಉಡದ ಶ್ರಾವಕರೂ ಆ ನೇಕಾರನ ಅವಧಾನವನ್ನು ಒಪ್ಪಲೇಬೇಕು. ಹಾಸಿನ ಒಂದು ಎಳೆ ಕಡಿದರೆ ಅವನು ಲಾಳಿಯನ್ನು ನಿಲ್ಲಿಸಿ, ಎಳೆಯನ್ನು ಹುಡುಕಿ, ಗಂಟು ಹಾಕಿ ಮುಂದುವರಿಯುತ್ತಾನೆ. ಎಳೆ ಕಡಿಯಿತೆಂದು ಮಗ್ಗವನ್ನು ಬಿಟ್ಟು ಏಳುವುದಿಲ್ಲ. ಕಡಿದುದನ್ನು ಕಾಣದವನಂತೆ ನೇಯುವುದೂ ಇಲ್ಲ. ಓದುವಾಗ ಮನಸ್ಸು ಜಾರುವುದೂ ಹೀಗೆಯೇ. ಜಾರಿದುದನ್ನು ಕಂಡು ಮರಳಿ ತರುವುದೇ ಅಭ್ಯಾಸ. ಜಾರದೆ ಇರುವುದು ಅದರ ಫಲ.

ಕ್ಷೇತ್ರದ ಮರ್ಯಾದೆ

ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಶಿಕ್ಷಾವ್ರತಗಳ ಮೊದಲಿಗೆ ದೇಶಾವಕಾಶಿಕವನ್ನು ಇರಿಸಿದ್ದಾರೆ. ತತ್ತ್ವಾರ್ಥಸೂತ್ರದ ಕ್ರಮದಲ್ಲಿ ಇದು ದೇಶವಿರತಿಯೆಂಬ ಗುಣವ್ರತ. ಇಷ್ಟು ಕಾಲ ಈ ಮನೆ, ಈ ಬೀದಿ ಅಥವಾ ಈ ಊರನ್ನು ದಾಟುವುದಿಲ್ಲವೆಂದು ಎಲ್ಲೆ ಹಾಕಿಕೊಳ್ಳುವುದು ಇದರ ಸ್ವರೂಪ. ಇದರ ಅತಿಚಾರಗಳು ಐದು: ಎಲ್ಲೆಯ ಹೊರಗಿನಿಂದ ವಸ್ತು ತರಿಸುವುದು, ಹೊರಗೆ ಇನ್ನೊಬ್ಬರನ್ನು ಕಳುಹಿಸುವುದು, ಧ್ವನಿ ಮಾಡಿ ಹೊರಗಿನವರನ್ನು ಎಚ್ಚರಿಸುವುದು, ತನ್ನ ರೂಪವನ್ನು ತೋರಿ ಸನ್ನೆ ಮಾಡುವುದು, ವಸ್ತುವನ್ನೆಸೆದು ಸೂಚನೆ ಕೊಡುವುದು. ದೇಹವು ಎಲ್ಲೆಯೊಳಗೇ ಇದೆ. ಆದರೆ ಮನಸ್ಸು, ಮಾತು, ವ್ಯವಹಾರಗಳು ಹೊರಗೆ ಹೋಗಿವೆ.

ಇಂದಿನ ವಿದ್ಯಾರ್ಥಿಯ ಕೈಯಲ್ಲಿರುವ ಮೊಬೈಲ್ ಫೋನನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ತರಿಸುವುದು, ಕಳುಹಿಸುವುದು, ಧ್ವನಿ, ರೂಪ, ಸೂಚನೆ ಈ ಐದೂ ಅದೊಂದರಲ್ಲಿಯೇ ಇವೆ. ಚಾಪೆಯಿಂದ ಏಳದ ಬಾಲಕನು ಚಾಪೆಯ ಮೇಲೆ ಇದ್ದಾನೆಂದು ಹೇಳಲಾಗದು. ಆದುದರಿಂದ ಓದಿನ ಅವಧಿಯ ದೇಶಾವಕಾಶಿಕದಲ್ಲಿ ಫೋನು ಎಲ್ಲೆಯ ಆಚೆಗಿರಬೇಕು. ಬಾಯಿ ಮುಚ್ಚಿಸಿ ಪಕ್ಕದಲ್ಲಿಟ್ಟರೆ ಸಾಲದು, ಬೇರೆ ಕೋಣೆಯಲ್ಲಿಡಬೇಕು. ಪಾಠಕ್ಕೇ ಫೋನು ಬೇಕಾದಾಗ ಪಾಠದ ಅವಧಿಯನ್ನೂ ಓದಿನ ಅವಧಿಯನ್ನೂ ಬೇರೆ ಮಾಡುವುದು ಒಳ್ಳೆಯದು.

ಅನಾದರ ಮತ್ತು ಮರೆವು

ಸಾಮಾಯಿಕಕ್ಕೂ ಐದು ಅತಿಚಾರಗಳಿವೆ. ಕಾಯ, ವಚನ, ಮನಸ್ಸುಗಳನ್ನು ತಪ್ಪಾಗಿ ತೊಡಗಿಸುವುದು ಮೂರು, ಅನಾದರ ಒಂದು, ಸ್ಮೃತ್ಯನುಪಸ್ಥಾನ, ಎಂದರೆ ಮಾಡಬೇಕಾದುದನ್ನೇ ಮರೆಯುವುದು, ಇನ್ನೊಂದು. ಓದಿನ ದೋಷಗಳೂ ಇವೇ. ಕಾಲಾಡಿಸುತ್ತಿರುವುದು ಕಾಯದೋಷ, ನಡುನಡುವೆ ಮಾತು ವಚನದೋಷ, ಕನಸುಗಾಣುವುದು ಮನೋದೋಷ. ಹಿರಿಯರು ಈ ಮೂರನ್ನು ಬೇಗ ಕಾಣುತ್ತಾರೆ. ಅನಾದರವನ್ನು ಕಾಣುವುದು ಅಪರೂಪ. ವಿಷಯ ಅರ್ಥವಾಗದಿದ್ದಾಗ ಅನಾದರ ಹುಟ್ಟುತ್ತದೆ. ಅನಾದರದಿಂದ ಮನಸ್ಸು ಚದುರುತ್ತದೆ. ಅಲ್ಲಿ ಬೇಕಾದುದು ಗದರಿಕೆಯಲ್ಲ, ಹಿಂದಿನ ತರಗತಿಯ ಪಾಠವನ್ನು ಮತ್ತೊಮ್ಮೆ ಹೇಳಿಕೊಡುವ ತಾಳ್ಮೆ.

ಕೆಲವು ಮಕ್ಕಳಲ್ಲಿ ಚಂಚಲತೆಯು ಚಿಕ್ಕಂದಿನಿಂದಲೂ, ಶಾಲೆಯಲ್ಲಿಯೂ ಮನೆಯಲ್ಲಿಯೂ, ಆಟದಲ್ಲಿಯೂ ಊಟದಲ್ಲಿಯೂ ಒಂದೇ ಸಮನೆ ಇರುತ್ತದೆ. ಅದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ. ಅಂತಹ ಮಗುವನ್ನು ವೈದ್ಯರಿಗೆ ತೋರಿಸಬೇಕು. ಕಣ್ಣಿನ ದೋಷವೂ ನಿದ್ರೆಯ ಕೊರತೆಯೂ ಇದೇ ವೇಷದಲ್ಲಿ ಬರುವುದುಂಟು.

ಅರಿವಿನ ನಾಲ್ಕು ಮೆಟ್ಟಿಲುಗಳು

ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದ ಬಾಲಕಿಯೊಬ್ಬಳು ಬಂಡೆಯ ಮೇಲೆ ಏನೋ ಗುರುತುಗಳನ್ನು ಕಾಣುತ್ತಾಳೆ ಎಂದಿಟ್ಟುಕೊಳ್ಳೋಣ. ಏನೋ ಇದೆ ಎಂಬುದು ಅವಗ್ರಹ. ಇದು ಬಿರುಕೋ ಬರಹವೋ ಎಂಬ ವಿಚಾರ ಈಹಾ. ಸಾಲುಗಳಿವೆ, ಅಕ್ಷರಗಳು ಮರಳಿ ಬರುತ್ತವೆ, ಇದು ಬರಹವೇ ಎಂಬ ನಿಶ್ಚಯ ಅವಾಯ. ಅದನ್ನು ಮುಂದೆಯೂ ಮರೆಯದಿರುವುದು ಧಾರಣಾ. ಪರೀಕ್ಷೆಯ ಹಿಂದಿನ ರಾತ್ರಿ ಪುಟ ತಿರುವುವವರು ಅವಗ್ರಹದಿಂದ ನೇರವಾಗಿ ಧಾರಣೆಗೆ ಹಾರಬಯಸುತ್ತಾರೆ. ನಡುವಿನ ಎರಡು ಮೆಟ್ಟಿಲುಗಳಿಲ್ಲದೆ ನೆನಪು ನಿಲ್ಲದು.

ಆ ಬಂಡೆಯ ಬರಹ ಅಶೋಕ ಚಕ್ರವರ್ತಿಯ ಧರ್ಮಶಾಸನ. ಬಿ. ಎಲ್. ರೈಸ್ ಅವರು 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ ಈ ಮೂರು ಕಡೆಗಳ ಶಾಸನಗಳನ್ನು ಲೋಕಕ್ಕೆ ತಿಳಿಸಿದರು. ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವುಗಳೊಡನೆ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ಉಪದೇಶವೂ ಅಲ್ಲಿದೆ. ಚಿಕ್ಕವರಾಗಲಿ ದೊಡ್ಡವರಾಗಲಿ ಪರಾಕ್ರಮದಿಂದ, ಎಂದರೆ ಪ್ರಯತ್ನದಿಂದಲೇ ಮೇಲೇರುವರೆಂಬುದು ಅದರ ಇನ್ನೊಂದು ಆಶಯ.

ಸ್ವಾಧ್ಯಾಯದ ಐದು ಅಂಗಗಳು

ಸ್ವಾಧ್ಯಾಯವು ಅಂತರಂಗ ತಪಗಳಲ್ಲೊಂದು. ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ ಎಂದು ಅದಕ್ಕೆ ಐದು ಅಂಗಗಳು: ಓದುವುದು, ಕೇಳುವುದು, ಮನನ ಮಾಡುವುದು, ಶುದ್ಧವಾಗಿ ಆವರ್ತಿಸುವುದು, ಇನ್ನೊಬ್ಬರಿಗೆ ಹೇಳುವುದು. ಶಾಲೆಯ ಪಾಠವು ಜಿನವಾಣಿಯಲ್ಲ. ಆದರೂ ಈ ಕ್ರಮ ಯಾವ ವಿದ್ಯೆಗಾದರೂ ಸಲ್ಲುತ್ತದೆ. ಬಹುಮಂದಿ ಮಕ್ಕಳು ವಾಚನೆಯೊಂದನ್ನೇ ಓದೆಂದು ತಿಳಿದಿದ್ದಾರೆ. ಐದು ಅಂಗಗಳಲ್ಲಿ ಕೆಲಸ ಬದಲಾಗುತ್ತ ಹೋಗುವುದರಿಂದ ಮನಸ್ಸಿಗೆ ಬೇಸರವೂ ಕಡಿಮೆ.

ಕಲಿತುದು ಎಷ್ಟು ಬೇಗ ಮರೆಯಾಗುತ್ತದೆ ಎಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದನು: ಮರೆವು ಮೊದಲ ಗಂಟೆಗಳಲ್ಲೇ ಅತಿ ತೀವ್ರ, ಮುಂದೆ ನಿಧಾನ. ಅಮೆರಿಕೆಯ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೂ ಬೋಧಪ್ರದವಾದುದು. ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ಬಳಿಕ ಹೆಚ್ಚು ಹೇಳಬಲ್ಲವರಾದರು. ಆದರೆ ಒಂದು ವಾರದ ಬಳಿಕ, ಪುಸ್ತಕ ಮುಚ್ಚಿ ನೆನೆದು ಬರೆದವರೇ ಮೇಲಾದರು. ಆಮ್ನಾಯದ ಮಹತ್ತ್ವ ಇದರಿಂದ ಸ್ಪಷ್ಟ.

ಆಹಾರ ಮತ್ತು ಉಪವಾಸ

ಶ್ರುತಪಂಚಮಿಯಂದು ನೆನೆಯುವ ಧರಸೇನಾಚಾರ್ಯರ ವೃತ್ತಾಂತವು ಧವಲಾ ಟೀಕೆಯಲ್ಲಿದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಆ ಆಚಾರ್ಯರು ತಮ್ಮ ಬಳಿಗೆ ಬಂದ ಇಬ್ಬರು ಮುನಿಗಳನ್ನು ಪರೀಕ್ಷಿಸಲು ಒಬ್ಬೊಬ್ಬರಿಗೆ ಒಂದು ವಿದ್ಯೆಯನ್ನಿತ್ತರು. ಒಂದರಲ್ಲಿ ಅಕ್ಷರ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಎರಡು ದಿನಗಳ ಉಪವಾಸದಿಂದ ಸಾಧಿಸಿದಾಗ ಒಬ್ಬರಿಗೆ ಉಬ್ಬುಹಲ್ಲಿನ ದೇವತೆ, ಇನ್ನೊಬ್ಬರಿಗೆ ಒಕ್ಕಣ್ಣಿನ ದೇವತೆ ಕಾಣಿಸಿಕೊಂಡಿತು. ದೇವತೆಗಳಿಗೆ ವಿಕಾರವಿರದೆಂದು ವಿಚಾರಿಸಿದ ಆ ಮುನಿಗಳು ಮಂತ್ರವನ್ನು ತಾವೇ ತಿದ್ದಿ ಮತ್ತೆ ಜಪಿಸಿದರು. ಅವರೇ ಪುಷ್ಪದಂತ, ಭೂತಬಲಿಗಳು, ಷಟ್ಖಂಡಾಗಮವನ್ನು ರಚಿಸಿದವರು. ಇಲ್ಲಿ ಉಪವಾಸವು ಅವರ ಬುದ್ಧಿಯನ್ನು ಕುಂದಿಸಲಿಲ್ಲ; ಆದರೆ ಗುರುವು ನೋಡಿದುದು ಉಪವಾಸವನ್ನಲ್ಲ, ಒಂದಕ್ಷರದ ತಪ್ಪನ್ನು ಕಂಡುಹಿಡಿಯುವ ಎಚ್ಚರವನ್ನು.

ಅದು ಮುನಿಗಳ ಸಾಮರ್ಥ್ಯ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ತಕ್ಕಂತೆ ಆಚರಿಸಬೇಕೆಂದಿದೆ. ಚಳ್ಳಕೆರೆ, ಮೊಳಕಾಲ್ಮೂರುಗಳು ರಾಜ್ಯದಲ್ಲಿಯೇ ಮಳೆ ಕಡಿಮೆ ಬೀಳುವ ಪ್ರದೇಶ; ಪರೀಕ್ಷೆ ನಡೆಯುವ ಮಾರ್ಚ್, ಏಪ್ರಿಲ್ ತಿಂಗಳುಗಳು ಸುಡುಬಿಸಿಲಿನ ಕಾಲ. ನೀರನ್ನೂ ಬಿಡುವ ಉಪವಾಸವನ್ನು ಬೆಳೆಯುವ ಮಕ್ಕಳಿಗೆ ಆಗ ಹೇಳಬಾರದು. ಅವರಿಗೆ ತಕ್ಕ ಬಾಹ್ಯತಪ ಅವಮೌದರ್ಯ, ಎಂದರೆ ಹೊಟ್ಟೆಗೆ ಕೊಂಚ ಕಡಿಮೆ ಉಣ್ಣುವುದು. ಕಂಠಪೂರ್ತಿ ಉಂಡವನಿಗೆ ತೂಕಡಿಕೆ ತಪ್ಪದು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಯ ಮಗುವಿಗೆ ಸಂಜೆಯ ಓದು ಹಗುರ. ಹೊತ್ತಿಗೆ ನಿದ್ರೆಯೂ ಬರುತ್ತದೆ. ಅಷ್ಟಮಿ, ಚತುರ್ದಶಿಗಳಂದು ಒಂದು ರಸತ್ಯಾಗ, ಕರಿದ ತಿಂಡಿಯ ತ್ಯಾಗ ಇವು ಸಾಕು.

ಹಿರಿಯರ ಪಾಲು

ಜ್ಞಾನಾವರಣ ಕರ್ಮದ ಆಸ್ರವಕ್ಕೆ ಪ್ರದೋಷ, ನಿಹ್ನವ, ಮಾತ್ಸರ್ಯ, ಅಂತರಾಯ, ಆಸಾದನ, ಉಪಘಾತ ಎಂಬ ಆರು ಕಾರಣಗಳನ್ನು ಶಾಸ್ತ್ರ ಹೇಳಿದೆ. ಇವುಗಳಲ್ಲಿ ಅಂತರಾಯವೆಂದರೆ ಇನ್ನೊಬ್ಬರ ಜ್ಞಾನಾರ್ಜನೆಗೆ ಅಡ್ಡಿ ಮಾಡುವುದು. ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರದ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಮುಂಭಾಗದಲ್ಲಿ ಅಂಗಡಿ, ಹಿಂದೆ ವಾಸ. ಮಗಳು ಓದಲು ಕುಳಿತಿದ್ದಾಳೆ. ಚೀಟಿ ತರಲು ಅಪ್ಪ ಕರೆಯುತ್ತಾರೆ. ನೀರು ತರಲು ಅಜ್ಜಿ ಕರೆಯುತ್ತಾರೆ. ಅಣ್ಣ ದೂರದರ್ಶನದ ಧ್ವನಿ ಏರಿಸುತ್ತಾನೆ. ರಾತ್ರಿ ಎಲ್ಲರೂ ಸೇರಿ ಅವಳಿಗೆ ಗಮನವಿಲ್ಲವೆನ್ನುತ್ತಾರೆ. ಮಗುವಿನ ಗಮನವನ್ನು ಮುರಿದವರು ಯಾರು? ಜ್ಞಾನಾವರಣವನ್ನು ಕಟ್ಟಿಕೊಂಡವರು ಯಾರು? ಪ್ರತಿಯೊಂದು ಮನೆಯೂ ತನ್ನನ್ನು ಹೀಗೆ ಕೇಳಿಕೊಳ್ಳಬೇಕು.

ಅಡ್ಡಿ ಮಾಡದಿರುವುದೆಂದರೆ ಮುದ್ದಿನಿಂದ ಬೆಳೆಸುವುದೆಂದಲ್ಲ. ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯಲ್ಲಿ ಅಗ್ನಿಭೂತಿ, ವಾಯುಭೂತಿಗಳೆಂಬ ಸೋದರರು ಸುಖದಲ್ಲಿ ಬೆಳೆದು ವಿದ್ಯೆಯಿಲ್ಲದವರಾಗಿ ತಂದೆಯ ಪದವಿಯನ್ನು ಕಳೆದುಕೊಳ್ಳುತ್ತಾರೆ. ರಾಜಗೃಹದ ಸೋದರಮಾವ ಸೂರ್ಯಮಿತ್ರನು ತಾನು ಮಾವನೆಂಬುದನ್ನೇ ಮರೆಮಾಡಿ, ಭಿಕ್ಷೆಯ ಅನ್ನ ಉಣ್ಣಿಸಿ ಅವರನ್ನು ಓದಿಸುತ್ತಾನೆ. ವಿದ್ಯೆ ಮುಗಿದ ಮೇಲೆ ಸತ್ಯ ತಿಳಿದಾಗ ಅಗ್ನಿಭೂತಿಯು ಉಪಕಾರವೆಂದು ನೆನೆದನು. ವಾಯುಭೂತಿಯು ದ್ವೇಷ ಕಟ್ಟಿಕೊಂಡು ಭವಭವಗಳಲ್ಲಿ ನೊಂದನು. ಗುರು ಒಬ್ಬನೇ, ಕಟ್ಟುನಿಟ್ಟು ಒಂದೇ, ಫಲ ಎರಡು. ಆದುದರಿಂದ ನಿಯಮ ಹಾಕುವ ಹಿರಿಯರು ಅದರ ಕಾರಣವನ್ನೂ ಮಗುವಿಗೆ ತಿಳಿಯಹೇಳುವುದು ಲೇಸು. ತಾವೂ ಅದನ್ನು ಪಾಲಿಸುವುದು ಇನ್ನೂ ಲೇಸು.

ಮನೆಗೆ ಒಂದು ನಿಯಮ

ಕಾಲಾವಧಿಯುಳ್ಳ ತ್ಯಾಗ ನಿಯಮ, ಆಜೀವವಾದುದು ಯಮ. ವಿದ್ಯಾರ್ಥಿಗೆ ನಿಯಮವೇ ತಕ್ಕುದು. ಮೊದಲು ಒಂದು ಪಕ್ಷದ ಮಟ್ಟಿಗೆ ಹೀಗೆ ಆಚರಿಸಬಹುದು:

1. ಬೆಳಗ್ಗೆ ಮತ್ತು ಸಂಜೆ ಓದಿಗೆ ಮೊದಲು ಕಾಯೋತ್ಸರ್ಗ: 27 ಉಸಿರುಗಳಲ್ಲಿ 9 ಬಾರಿ ಣಮೋಕಾರ ಮಂತ್ರ.
2. ಒಂದು ಚಾಪೆ, ಒಂದು ವಿಷಯ, ಒಂದು ಘಳಿಗೆ. ಫೋನು ಬೇರೆ ಕೋಣೆಯಲ್ಲಿ. ಅನಂತರ ಐದು ನಿಮಿಷ ನಡಿಗೆ. ಎರಡನೆಯ ಪಕ್ಷದಲ್ಲಿ ಅವಧಿಯನ್ನು 35–40 ನಿಮಿಷಕ್ಕೆ ಏರಿಸಬಹುದು.
3. ಮನಸ್ಸು ಜಾರಿದಾಗಲೆಲ್ಲ ಕಾಗದದ ಅಂಚಿನಲ್ಲಿ ಒಂದು ಗೆರೆ. ಇದು ಶಿಕ್ಷೆಯಲ್ಲ, ಆಲೋಚನೆ. ಎಂದರೆ ತನ್ನ ದೋಷವನ್ನು ತಾನೇ ಕಾಣುವುದು.
4. ಅವಧಿಯ ಕೊನೆಗೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದು. ರಾತ್ರಿ ಮನೆಯ ಒಬ್ಬರಿಗೆ ಹೇಳುವುದು.
5. ಆ ಅವಧಿಯಲ್ಲಿ ಹಿರಿಯರಿಗೂ ಮೌನ. ಸಾಧ್ಯವಾದವರು ಅದೇ ಹೊತ್ತಿಗೆ ಸಾಮಾಯಿಕಕ್ಕೆ ಕೂಡುವುದು.

ಬಸದಿಯು ದೂರವಿರುವ ಊರುಗಳಲ್ಲಿ ಈ ಐದನೆಯ ನಿಯಮವು ಮನೆಯನ್ನೇ ಪಾಠಶಾಲೆಯನ್ನಾಗಿ ಮಾಡುತ್ತದೆ. ಹೀಗೆ ಪಳಗಿದ ಮನಸ್ಸು ಪರೀಕ್ಷೆಯೊಂದಿಗೆ ಮುಗಿದುಹೋಗುವುದಿಲ್ಲ. ಅಂಕಗಳು ಬಂದರೂ ಬಾರದಿದ್ದರೂ, ಒಂದು ವಿಷಯದಲ್ಲಿ ನಿಲ್ಲಬಲ್ಲ ಶಕ್ತಿ ಆ ಮಗುವಿಗೆ ಉಳಿಯುತ್ತದೆ. ಮುಂದೆ ಧರ್ಮ್ಯಧ್ಯಾನಕ್ಕೆ ಬೇಕಾದುದೂ ಆ ಶಕ್ತಿಯೇ.

ಮನೆಯ ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಧ್ಯಾನದ ಕಾಲಮರ್ಯಾದೆ ಎಷ್ಟು? ಅದರಿಂದ ಓದಿನ ಅವಧಿಯನ್ನು ಹೇಗೆ ಗೊತ್ತುಪಡಿಸಬೇಕು?
2. ದೇಶಾವಕಾಶಿಕದ ಐದು ಅತಿಚಾರಗಳಾವುವು? ಈ ದಿನ ಮನೆಯಲ್ಲಿ ಅವುಗಳಲ್ಲಿ ಯಾವುವು ಘಟಿಸಿದವು?
3. ಅಂಕಗಳಿಗಾಗಿ ಹಿಡಿದ ಉಪವಾಸದಲ್ಲಿ ಯಾವ ಶಲ್ಯವಿದೆ?
4. ಅಗ್ನಿಭೂತಿ, ವಾಯುಭೂತಿಗಳ ಮನೋಭಾವದ ವ್ಯತ್ಯಾಸವೇನು?
5. ಈ ವಾರ ಮಗುವಿನ ಓದಿಗೆ ಅಂತರಾಯ ಮಾಡಿದವರು ಯಾರು, ಎಷ್ಟು ಬಾರಿ?